ಎರಡು ಕಾರುಗಳ ನಡುವೆ ಒಂದು ‘ಬಿಡು’

ಡಿಸೆಂಬರಿನ ಎರಡನೆಯ ಭಾನುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಸ್ಥಳ: ಶಿರಸಿಯ ಹುಲೇಕಲ್ ರಸ್ತೆ ಬದಿಯ ನಮ್ಮ ಮನೆಗೆ ತಾಗಿದ ತಗಡಿನ ಶೆಡ್. ಹಾಜರಿದ್ದವರು: ನಾನು ಮತ್ತು ಸಿದ್ದಾಪುರದ ಮನ್ಮನೆಯಿಂದ ಹಿಂದಿನ ದಿನವೇ ಬಂದಿದ್ದ ನನ್ನ ಹೆಂಡತಿಯ ತಮ್ಮ. ಆರೂ ಹತ್ತಕ್ಕೆ ಬರಬೇಕಿದ್ದ ಮೂರನೆಯವನು, ಯಲ್ಲಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಗೆಳೆಯ, ಆರೂ ಮೂವತ್ತೈದಕ್ಕೆ ಬಂದ. ಅವನ ಮೂಲ ಬನವಾಸಿ ಕಡೆ.

“ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಬನವಾಸಿಗೆ ಹೋಗಿದ್ದೆ, ಅವ್ವ ರೊಟ್ಟಿ ತಿನ್ನೂತನಾ ಬಿಡ್ಲಿಲ್ರಿ.”

“ಇಪ್ಪತ್ತೈದು ನಿಮಿಷ ತಡ,” ಎಂದೆ.

“ಹೋಗ್ಲಿ ಬಿಡ್ರಿ, ಸಂಜೀಕ ಹೊಂದಿಸೋಣಂತ.”

ಸೈನ್ಯದ ವಾಹನ ರಿಪೇರಿ ವರ್ಕ್‌ಶಾಪಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು ನಾನು. ತಡವಾದ ಸಮಯವನ್ನು ಸಂಜೆ ಹೊಂದಿಸುವ ವಿಧಾನ ಅಲ್ಲಿ ಯಾರೂ ಕಲಿಸಿರಲಿಲ್ಲ. ಹಲಗೆಯ ಮೇಲೆ ಸೀಮೆಸುಣ್ಣದಿಂದ ದಿನದ ಕೆಲಸಗಳನ್ನು ಬರೆದಿದ್ದೆ. ಎರಡು ಹಳೆಯ ಜಮಖಾನ ಹಾಸಿ, ಕೆಂಪು ಕಾರಿನ ಭಾಗ ಒಂದರ ಮೇಲೆ, ಹಳದಿ ಕಾರಿನದು ಇನ್ನೊಂದರ ಮೇಲೆ ಎಂದು ಗುರುತು ಹಾಕಿದ್ದೆ. ಚಹಾ ಎಂಟೂ ಹತ್ತಕ್ಕೆ ಎಂದೂ ಬರೆದಿತ್ತು.

ಕಾರುಗಳ ವಿಷಯ ಹೇಳಬೇಕು. ಎರಡೂ ಒಂದೇ ಕಂಪನಿಯ, ಒಂದೇ ಕಾಲದ, ಇಬ್ಬರೇ ಕೂರುವ, ತಲೆ ಮೇಲೆ ಮಾಡು ಇಲ್ಲದ ಸ್ಪೋರ್ಟ್ಸ್ ಕಾರುಗಳು. ಕೆಂಪು ನನ್ನದು, ನಿವೃತ್ತರಾಗಿ ಊರಿಗೆ ಹೊರಟಿದ್ದ ಹಿರಿಯ ಅಧಿಕಾರಿಯೊಬ್ಬರಿಂದ ಕೊಂಡದ್ದು. ಅದನ್ನು ನೋಡಿ ಹೊಟ್ಟೆ ಉರಿದುಕೊಂಡ ಗೆಳೆಯ ಬೆಳಗಾವಿಯಲ್ಲೆಲ್ಲೋ ಹುಡುಕಿ ಹಳದಿಯದನ್ನು ತಂದ. ತಂದ ವಾರವೇ ಅದರ ಎಂಜಿನ್ ಬಿರುಕು ಬಿಟ್ಟಿತು, ಕಿತ್ತು ಗುಜರಿಗೆ ಹಾಕಿದ. ಆಮೇಲೆ ಒಂಬತ್ತು ವರ್ಷ ಅದು ನಂದೊಳ್ಳಿಯಲ್ಲಿ ಅವನ ಪರಿಚಯದವರ ಕೊಟ್ಟಿಗೆಯಲ್ಲಿತ್ತು. ಕೋಳಿಗಳು ಡ್ರೈವರ್ ಸೀಟಿನಲ್ಲೇ ಮೊಟ್ಟೆ ಇಡುತ್ತಿದ್ದವು. ಹಿಂದಿನ ವಾರವಷ್ಟೇ ಅದನ್ನು ಲಾರಿಯಲ್ಲಿ ನಮ್ಮ ಶೆಡ್ಡಿಗೆ ತಂದಿದ್ದೆವು. ಹೀಗಾಗಿ ನನ್ನ ಕಾರಿಗೆ ಎಂಜಿನ್ ಚೆನ್ನಾಗಿತ್ತು, ಬ್ರೇಕ್ ಹಾಳು. ಅವನದಕ್ಕೆ ಬ್ರೇಕ್ ಚೆನ್ನಾಗಿತ್ತು, ಎಂಜಿನ್ನೇ ಇಲ್ಲ. ಅವನಿಗೆ ಈಗ ಅದನ್ನು ಅಂಗಡಿಯ ಮುಂದೆ ಜನ ನೋಡಲೆಂದು ನಿಲ್ಲಿಸಿದರೆ ಸಾಕಿತ್ತು. ನಾಲ್ಕು ಚಕ್ರದ ಮೇಲೆ ನಿಂತರಾಯಿತು, ಬ್ರೇಕ್ ಯಾರಿಗೆ ಬೇಕು? ಆದ್ದರಿಂದ ಹಿಂದಿನ ಆಕ್ಸಲ್‌ನ ಎರಡು ಶಾಫ್ಟ್, ಚಕ್ರದ ಜೊತೆ ತಿರುಗುವ ಡ್ರಮ್, ಅದನ್ನು ಒಳಗಿನಿಂದ ಒತ್ತುವ ಬ್ರೇಕ್ ಶೂ, ಮುಂದಿನ ಚಕ್ರ ಹಿಡಿದು ನಿಲ್ಲಿಸುವ ಕ್ಯಾಲಿಪರ್ ಎಲ್ಲವನ್ನೂ ಅದಲುಬದಲು ಮಾಡುವುದೆಂದು ಮಾತಾಯಿತು. ಹಳೆಯ ರಬ್ಬರ್ ಸೀಲುಗಳ ಬದಲಿಗೆ ಹೊಸದನ್ನು ನಾನು ಮೊದಲೇ ತರಿಸಿಟ್ಟಿದ್ದೆ.

ಇದನ್ನು ಆ ದಿನವೇ ಮುಗಿಸಬೇಕಾದ ಕಾರಣ ನನ್ನ ಹೆಂಡತಿ. ಹಿಂದಿನ ತಿಂಗಳು ಅವಳನ್ನು ಕೂರಿಸಿಕೊಂಡು ಕುಮಟೆಗೆ ಹೋಗುವಾಗ ದೇವಿಮನೆ ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ತುಳಿದರೆ ಪೆಡಲ್ ನೆಲಕ್ಕೆ ಹೋಗಿ ಕೂತಿತು. ಗುಡ್ಡದ ಬದಿಯ ಚರಂಡಿಗೆ ಕಾರನ್ನು ಇಳಿಸಿ ನಿಲ್ಲಿಸಿದೆ. ಆಕ್ಸಲ್‌ನ ಎಣ್ಣೆ ಸೋರಿ ಬ್ರೇಕ್ ಶೂಗಳು ತೊಯ್ದದ್ದೂ, ಪೈಪಿನಲ್ಲಿ ಗಾಳಿ ಸೇರಿದ್ದೂ ಆಮೇಲೆ ತಿಳಿಯಿತು. ಅವಳು ಕಿರುಚಲಿಲ್ಲ, ಬೈಯಲಿಲ್ಲ. ಕೈಚೀಲ ಎತ್ತಿಕೊಂಡು ಇಳಿದಳು.

“ಬಸ್ಸಿಗೆ ಬ್ರೇಕ್ ಇದ್ದು. ಆನು ಬಸ್ಸಿಗೆ ಹೋಗ್ತೆ,” ಎಂದಳು. ಹೋದಳು.

ಮನೆಗೆ ಬಂದ ಮೇಲೆ ಹುಬ್ಬಳ್ಳಿಯ ಗಿರಾಕಿಯೊಬ್ಬರನ್ನು ತಾನೇ ಫೋನಿನಲ್ಲಿ ಗೊತ್ತು ಮಾಡಿ ಷರತ್ತು ಹಾಕಿದಳು. “ಭಾನುವಾರ ಸಂಜೆ ಐದಕ್ಕೆ ಅವ್ವು ಬತ್ತ. ಅದರೊಳಗೆ ನಮ್ಮನೆ ಇಳುಕಲಲ್ಲಿ, ಆನು ಕೂತಾಗ, ಪಕ್ಕದ ಮನೆ ಗೇಟಿಂದ ಈಚೆ ಕಾರು ನಿಂತ್ರೆ ಇಟ್ಗಳಿ. ಇಲ್ದಿದ್ರೆ ಕೊಡವು.”

ನನಗೆ ಆ ಕಾರನ್ನು ಕೊಡಲು ಮನಸ್ಸಿರಲಿಲ್ಲ. ಇದಕ್ಕಿಂತ ಹೆಚ್ಚಿನ ವಿವರಣೆ ನನ್ನಲ್ಲಿಲ್ಲ.

ಕೆಲಸ ಚುರುಕಾಗಿಯೇ ಶುರುವಾಯಿತು. ಹಳದಿ ಕಾರಿನ ಎಡಗಡೆಯ ಡ್ರಮ್ ಮಾತ್ರ ಹಟ ಹಿಡಿಯಿತು.

“ಭಾವಾ, ಇದು ಬತ್ತಿಲ್ಲೆ,” ಎಂದ ಭಾವಮೈದುನ.

“ಎಣ್ಣೆ ಹಾಕು.”

“ಹಾಕಾತು. ಕಾಸಾತು. ಬಡಿದೂ ಆತು. ಇನ್ನು ಸತ್ಯನಾರಾಯಣ ಕಥೆ ಮಾಡಿಸದೊಂದು ಬಾಕಿ.”

ಗೆಳೆಯ ಎರಡೂ ಕೈಯಲ್ಲಿ ಹಿಡಿದು ಎಳೆದ. ಡ್ರಮ್ ಒಮ್ಮೆಲೇ ಬಿಟ್ಟುಕೊಂಡಿತು. ಅವನು ಡ್ರಮ್ಮನ್ನು ಎದೆಗೆ ಅವಚಿಕೊಂಡೇ ಜಮಖಾನದ ಮೇಲೆ ಬಿದ್ದ. ಬಿದ್ದದ್ದು ಕೆಂಪು ಕಾರಿನ ಜಮಖಾನದ ಮೇಲೆ. ಅಲ್ಲಿದ್ದ ನಟ್ಟು, ಸ್ಪ್ರಿಂಗ್, ವಾಷರ್‌ಗಳೆಲ್ಲ ಹಾರಿ ಹಳದಿಯವುಗಳ ಜೊತೆ ಸಂಸಾರ ಹೂಡಿದವು. ವಿಂಗಡಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಕೋಳಿಪುಕ್ಕ ಅಂಟಿದ್ದೆಲ್ಲ ಹಳದಿಯದು ಎಂಬ ಭಾವಮೈದುನನ ಸೂತ್ರವೇ ಕೆಲಸಕ್ಕೆ ಬಂತು.

ಮಧ್ಯಾಹ್ನ ಒಂದೂವರೆಗೆ ಹಳದಿಯ ಶಾಫ್ಟ್, ಡ್ರಮ್, ಶೂ, ಕ್ಯಾಲಿಪರ್ ಎಲ್ಲವೂ ಕೆಂಪು ಕಾರಿನಲ್ಲಿ ಕೂತಿದ್ದವು. ಊಟ ಮುಗಿಸಿ ಎರಡೂ ಹತ್ತಕ್ಕೆ ಮುಖ್ಯ ಕೆಲಸಕ್ಕೆ ಕೈಹಾಕಿದೆವು: ಬ್ರೇಕಿನ ಪೈಪುಗಳಿಂದ ಗಾಳಿ ತೆಗೆಯುವುದು.

ಇದಕ್ಕೆ ಇಬ್ಬರು ಬೇಕು. ಒಬ್ಬ ಸೀಟಿನಲ್ಲಿ ಕೂತು ಪೆಡಲನ್ನು ಮೂರು ಸಲ ತುಳಿದು, ಕೊನೆಗೆ ಒತ್ತಿ ಹಿಡಿಯಬೇಕು. ಇನ್ನೊಬ್ಬ ಚಕ್ರದ ಬಳಿ ಮಲಗಿ ಸಣ್ಣ ತಿರುಪನ್ನು ಸಡಿಲಿಸಬೇಕು. ಎಣ್ಣೆಯ ಜೊತೆ ಗುಳ್ಳೆಗಳು ಒಂದು ನಳಿಗೆಯಲ್ಲಿ ಇಳಿದು ಕೆಳಗಿಟ್ಟ ಬಾಟಲಿಗೆ ಬರುತ್ತವೆ. ತಿರುಪನ್ನು ಮತ್ತೆ ಬಿಗಿದ ಮೇಲೆಯೇ ಪೆಡಲ್ ಬಿಡಬೇಕು. ಮೊದಲೇ ಬಿಟ್ಟರೆ ಹೊರಗಿನ ಗಾಳಿಯನ್ನು ಪೈಪು ಒಳಗೆ ಹೀರಿಕೊಳ್ಳುತ್ತದೆ, ಕೆಲಸ ಮತ್ತೆ ಮೊದಲಿನಿಂದ.

“ಎರಡೇ ಮಾತು,” ಎಂದು ಆದೇಶ ಕೊಟ್ಟೆ. “‘ಹಿಡಿ’ ಅಂದರೆ ಒತ್ತಿ ಹಿಡಿಯುವುದು. ‘ಬಿಡು’ ಅಂದರೆ ಬಿಡುವುದು. ಬೇರೆ ಯೋಚನೆ ಬೇಡ. ಕಿವಿಗೆ ಬಿದ್ದ ಕೂಡಲೆ ಮಾಡಬೇಕು.”

ಗೆಳೆಯ ಸೀಟಿನಲ್ಲಿ ಕೂತ. ನಾನು ಕೆಳಗೆ ಮಲಗಿದೆ. ಭಾವಮೈದುನ, ಕಡಿಮೆಯಾದಷ್ಟೂ ಸುರಿಯಲು, ಎಣ್ಣೆಯ ಡಬ್ಬಿ ಹಿಡಿದು ಬಾನೆಟ್ಟಿನ ಬಳಿ ನಿಂತ.

“ಹಿಡಿ!”

“ಹಿಡದೇನ್ರಿ.”

ತಿರುಪು ಸಡಿಲಿಸಿದೆ. ಗುಳ್ಳೆಗಳು ಬರತೊಡಗಿದವು. ಅಷ್ಟರಲ್ಲಿ ಭಾವಮೈದುನ ಹೇಳಿದ: “ಅಕ್ಕ ಹೇಳದು ಹಂಗೇಯ. ಅದಕ್ಕೆಲ್ಲ ಹೆದರಡ ಬಿಡು ಭಾವಾ.”

ಪೆಡಲ್ ಮೇಲೆ ಬಂತು. ಬಾಟಲಿಯಿಂದ ಎಣ್ಣೆ ಸೊರ್ರೆಂದು ಹಿಂದಕ್ಕೆ ಹೋಯಿತು.

“ಯಾರು ಬಿಡಲು ಹೇಳಿದ್ದು?”

“ನಿಮ್ಮ ಭಾವಮೈದ ಹೇಳಿದ್ರಲ್ರೀ! ಕಿವೀಗೆ ಬಿದ್ದ ಕೂಡ್ಲೆ ಅಂದ್ರಿ, ಬಿಟ್ಟೆ.”

ಇಬ್ಬರನ್ನೂ ಅದಲುಬದಲು ಮಾಡಿದೆ. ಭಾವಮೈದುನ ಸೀಟಿಗೆ, ಗೆಳೆಯ ಡಬ್ಬಿಗೆ. ಎರಡನೆಯ ಸಲ ಚೆನ್ನಾಗಿಯೇ ನಡೆಯುತ್ತಿತ್ತು. ಗೆಳೆಯ ಡಬ್ಬಿಯೊಳಗೆ ಇಣುಕಿ, “ಇನ್ನೂ ಅರ್ಧ ಐತಿ, ಸಾಕ್ ಬಿಡ್ರಿ,” ಎಂದ. ಭಾವಮೈದುನ ಬಿಟ್ಟ. ಮತ್ತೆ ಸೊರ್ರೆಂದಿತು.

“‘ಬಿಡ್ರಿ’ ಬೇರೆ, ‘ಬಿಡು’ ಬೇರೆ!” ಎಂದು ಕೆಳಗಿನಿಂದ ಕೂಗಿದೆ.

“ಮರ್ಯಾದೆ ಕೊಟ್ಟು ಹೇಳಿದ ಅಂದ್ಕಂಡಿ,” ಎಂದ ಭಾವಮೈದುನ.

ಮೂರಕ್ಕೆ ಮಾತನ್ನೇ ಬದಲಿಸಿದೆ. ವರ್ಕ್‌ಶಾಪಿನಲ್ಲಿ ಹಿಂದಿಯಲ್ಲಿ ಹೇಳುತ್ತಿದ್ದೆವು: ‘ದಬಾ’ ಎಂದರೆ ಒತ್ತು, ‘ಛೋಡ್’ ಎಂದರೆ ಬಿಡು. ಇದು ಎರಡು ಸುತ್ತು ಸರಿಯಾಗಿ ನಡೆಯಿತು. ಮೂರನೆಯ ಸುತ್ತಿನಲ್ಲಿ ಗೆಳೆಯನಿಗೆ ಅಂಗಡಿಯಿಂದ ಫೋನ್ ಬಂತು. ಯಾರೋ ಸಾಬರು ಬೀಗ ವಾಪಸು ತಂದಿದ್ದರಂತೆ. “ಅರೇ ಛೋಡೋ ಭಾಯಿ, ನಾಳೆ ನೋಡೋಣ!” ಎಂದ. ಉಳಿದದ್ದನ್ನು ಬರೆಯಬೇಕಾಗಿಲ್ಲ.

ಮೂರೂ ಮುಕ್ಕಾಲು. ಒಂದು ಚಕ್ರವೂ ಮುಗಿದಿರಲಿಲ್ಲ. ನಾನು ಹೊರಗೆ ಬಂದು, ಸೈನ್ಯದಲ್ಲಿ ಯಾರಿಗೂ ಹೇಳದಂಥ ಮಾತುಗಳನ್ನು ಇಬ್ಬರಿಗೂ ಹೇಳಿದೆ. ಬಾಯಿಗೆ ಬಿಗಿಯಿಲ್ಲದವರು ಬ್ರೇಕಿನ ಹತ್ತಿರ ಬರಬಾರದು ಎಂದೂ ಸೇರಿಸಿದೆ.

ಹೆಂಡತಿ ಮೆಟ್ಟಿಲ ಮೇಲೆ ಕೂತು ಚಿಪ್ಸಿಗೆ ಬಾಳೆಕಾಯಿ ಹೆಚ್ಚುತ್ತಿದ್ದಳು. ಎರಡು ಗಂಟೆಯಿಂದಲೂ ಅಲ್ಲೇ ಇದ್ದಳು. ಪಕ್ಕದ ತಟ್ಟೆಯಲ್ಲಿ ಒಂದಿಷ್ಟು ಹೋಳುಗಳನ್ನು ಬೇರೆ ಬೇರೆ ಸಾಲಾಗಿ ಇಟ್ಟದ್ದನ್ನು ಆಗ ನೋಡಿದೆ.

“ಅದು ಎಂತ?” ಎಂದೆ.

“ಸುಮ್ಮಸುಮ್ಮನೆ ಬಿಡು ಹೇಳಿದ್ದಕ್ಕೆ ಒಂದೊಂದು ಹೋಳು ಇಟ್ಟಿದ್ದು. ತಮ್ಮಂದು ಮೂರು. ನಿಂಗಳ ದೋಸ್ತರದ್ದು ಐದು.”

“ಮೂರನೇ ಸಾಲು?”

“ಅದು ನಿಂಗಳದ್ದು. ಒಂಬತ್ತು.”

ನಾನು ನಂಬಲಿಲ್ಲ. ಅವಳು ಬಾಳೆಕಾಯಿ ಕೆಳಗಿಟ್ಟು ಒಂದೊಂದೇ ಹೋಳು ತೋರಿಸಿ ಹೇಳಿದಳು. “‘ಆಗ್ತು ಬಿಡು, ಇನ್ನು ಅರ್ಧ ಗಂಟೆ’ ಹೇಳಿದ್ದು ಯಾರು? ‘ಈ ಚಕ್ರ ಮುಗತ್ತು ಬಿಡು’? ‘ಅವನಿಗೆಂತ ಗೊತ್ತು ಬಿಡು’? ಕೆಳಗೆ ಮಲಗಿ ನಿಂಗ ಒದರದು, ಮೇಲೆ ಕೂತವು ಬಿಡದು. ಪಾಪ, ಅವರಿಗೆ ಬೈದ್ರೆ ಎಂತ ಬಂತು?”

ಗೆಳೆಯ ಎದ್ದು ನಿಂತು ಅವಳಿಗೆ ಕೈಮುಗಿದ. “ಅಕ್ಕಾರ, ನನ್ನ ಐದ್ರಾಗ ಎರಡು ಫೋನಿನ್ಯಾಗಿನವು. ಅವನ್ನ ತೆಗೀರಿ.”

ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ನನ್ನ ಮಾತಿನಲ್ಲಿ ಒಂದು ಪದವೂ ಹೆಚ್ಚಿಲ್ಲ ಎಂದೇ ಇಷ್ಟು ವರ್ಷ ನಂಬಿಕೊಂಡಿದ್ದೆ. ವಾಕ್ಯಕ್ಕೊಂದು ‘ಬಿಡು’ ಹಾಕದೆ ನಮ್ಮ ಕಡೆಯವರಿಗೆ ಸಮಾಧಾನ ಹೇಳಲೂ ಬರುವುದಿಲ್ಲ, ಜಂಭ ಕೊಚ್ಚಲೂ ಬರುವುದಿಲ್ಲ ಎಂಬುದು ನನಗೆ ಎಂದೂ ಹೊಳೆದಿರಲಿಲ್ಲ.

ಅವಳು ಕೈ ತೊಳೆದು, ಸೆರಗು ಸಿಕ್ಕಿಸಿ, ಚಪ್ಪಲಿ ಕಳಚಿ ಸೀಟಿನಲ್ಲಿ ಕೂತಳು. ಜಾಕಿನ ಮೇಲೆ ನಿಂತಿದ್ದ ಕಾರು, ಹೋಗುವ ಪ್ರಶ್ನೆಯಿರಲಿಲ್ಲ.

“ಆನು ನಿಂಗಳ ಮಾತು ಕೇಳ್ತ್ನಿಲ್ಲೆ,” ಎಂದಳು.

“ಅದು ಗೊತ್ತಿದ್ದದ್ದೇ.”

“ಹಂಗಲ್ಲ. ಪಾನದಲ್ಲಿ ಕುಟ್ಟಿ. ಒಂದು ಕುಟ್ಟಿದ್ರೆ ಒತ್ತತೆ, ಎರಡು ಕುಟ್ಟಿದ್ರೆ ತೆಗಿತೆ. ಬಾಯಿ ಯಾರೂ ತೆಗೆಯಡಿ.”

ಪಾನ ಎಂದರೆ ನನ್ನ ಕೈಯಲ್ಲಿದ್ದ ಸ್ಪ್ಯಾನರ್. ಟಣ್ ಎಂದು ಒಂದು ಪೆಟ್ಟು ಹಾಕಿದೆ. ಪೆಡಲ್ ಕೆಳಗೆ ಹೋಗಿ ಬಂಡೆಯ ಹಾಗೆ ನಿಂತಿತು. ಗುಳ್ಳೆ ಬಂತು. ತಿರುಪು ಬಿಗಿದೆ. ಟಣ್ ಟಣ್. ಮೇಲೆ ಬಂತು. ನಡುವೆ ಭಾವಮೈದುನ ಏನೋ ಹೇಳಲು ಬಾಯಿ ತೆರೆದ; ಅಕ್ಕ ತಿರುಗಿ ನೋಡಿದಳು, ಮುಚ್ಚಿದ. ಮೂವತ್ತೈದು ನಿಮಿಷದಲ್ಲಿ ನಾಲ್ಕು ಚಕ್ರವೂ ಮುಗಿದವು.

ನಾಲ್ಕೂ ಐವತ್ತಕ್ಕೆ ಕಾರನ್ನು ಇಳುಕಲಿನ ತುದಿಗೆ ತಂದೆ. ಅವಳು ಪಕ್ಕದಲ್ಲಿ ಕೂತು ಎದುರಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದಳು. ಹುಬ್ಬಳ್ಳಿಯವರು ಹತ್ತು ನಿಮಿಷ ಮೊದಲೇ ಬಂದು ಇಳುಕಲಿನ ಬುಡದಲ್ಲಿ ನಿಂತಿದ್ದರು. ಸಮಯ ಪಾಲಿಸುವವರು ಎಂದು ಗೌರವ ಹುಟ್ಟಿತು, ಆದರೆ ಬೇಸರವೂ ಆಯಿತು. ಕಾರು ಇಳಿಯಿತು. ಪಕ್ಕದ ಮನೆಯ ಗೇಟು ದೊಡ್ಡದಾಗುತ್ತ ಬಂತು. ತುಳಿದೆ. ಗೇಟಿಗೆ ಇನ್ನೂ ಎರಡು ಮಾರು ಇರುವಾಗಲೇ ಕಾರು ನೆಲ ಕಚ್ಚಿ ನಿಂತಿತು. ಅವಳ ಕನ್ನಡಕ ಮಾತ್ರ ಮುಂದೆ ಹೋಗಿ ಗಾಜಿಗೆ ಬಡಿಯಿತು.

ಹುಬ್ಬಳ್ಳಿಯವರು ಓಡಿ ಬಂದರು. “ಏನ್ ಬ್ರೇಕ್ ಅದಾವ್ರೀ! ಈಗಿಂದೀಗ ತಗೊಂಡ್ ಹೋಗ್ತೀನಿ. ಅಮ್ಮಾರ, ಫೋನಿನ್ಯಾಗ ನೀವ ಅಲ್ರೀ ಮಾತಾಡಿದ್ದು?”

“ಹೌದು, ಆನೇ ಮಾತಾಡಿದ್ದು,” ಎಂದಳು ಕನ್ನಡಕ ಒರೆಸುತ್ತ. “ಆವಾಗ ಬ್ರೇಕ್ ಇವರದ್ದಾಗಿತ್ತು. ಈಗಿನದು ಆನು ಮಾಡಿದ್ದು. ಕೊಡ್ತ್ನಿಲ್ಲೆ. ಚಾ ಕುಡ್ಕಂಡು ಹೋಗಿ.”

ಅವರು ಚಹಾ ಕುಡಿದರು. ಹೊರಡುವ ಮುನ್ನ ಶೆಡ್ಡಿನ ಕಡೆ ನೋಡಿ, “ಆ ಹಳದಿದಾದ್ರೂ ಕೊಡ್ತೀರೇನ್ರಿ?” ಎಂದು ಕೇಳಿದರು.

“ಅದಕ್ಕ ಎಂಜಿನ್ನೂ ಇಲ್ಲ, ಬ್ರೇಕೂ ಇಲ್ಲ, ಒಳಗ ಬರೇ ಕೋಳಿಪುಕ್ಕ ಐತಿ,” ಎಂದ ಗೆಳೆಯ. “ನಮ್ಮನ್ನ ಬಿಟ್ರ ಅದಕ್ಕ ಯಾರೂ ದಿಕ್ಕಿಲ್ರಿ.”

ಅವರು ಹೋದ ಮೇಲೆ ಹಲಗೆಯಲ್ಲಿ ಒಂದೇ ಸಾಲು ಉಳಿದಿತ್ತು. ನನ್ನ ಸವೆದ ಶಾಫ್ಟುಗಳನ್ನೂ ಡ್ರಮ್ಮುಗಳನ್ನೂ ಹಳದಿ ಕಾರಿಗೆ ಕೂಡಿಸಿ, ಚಕ್ರಗಳನ್ನು ಹಾಕಿ, ನಟ್ಟುಗಳನ್ನು ಬಿಗಿದೆವು. ಬ್ರೇಕಿಲ್ಲದ ಕಾರಾದ್ದರಿಂದ ಹಿಂದೆ ಮುಂದೆ ಕಲ್ಲು ಕೊಟ್ಟೆವು. ಆರೂ ಇಪ್ಪತ್ತಕ್ಕೆ ಜಾಕ್ ಇಳಿಸಿದೆ. ಅದು ನಾಲ್ಕು ಚಕ್ರದ ಮೇಲೆ ನಿಂತಿತು.