ಯಾರು ರೊಟ್ಟಿ ಬಡೀತಾರ, ಅವರ ಹಾಡು

ಮೊದಲ ಹೇಳಿಬಿಡ್ತೇನಿ: ಆ ಹಾಡಿನ ಡಬ್ಬಿ ನಂದು. ಅಂಗೈ ಅಗಲದ್ದು, ಕೆಂಪನೇದು, ಒಳಗ ಕಾರ್ಡ್ ಹಾಕಿ ಗುಂಡಿ ಒತ್ತಿದ್ರ ಹಾಡೋದು. ಮದುವಿಯಾಗಿ ನನ್ನ ತವರೂರು ಮುಗದದಿಂದ ಹುಬ್ಬಳ್ಳಿಗೆ ಬರೂ ಮುಂದ ನಮ್ಮಣ್ಣ ತನ್ನ ಟ್ರ್ಯಾಕ್ಟರದಾಗಿಂದ ತಗದು ಕೊಟ್ಟಿದ್ದ. ಅದರಾಗ ಇದ್ದದ್ದೆಲ್ಲಾ ಟ್ರ್ಯಾಕ್ಟರದಾಗ ಹಚ್ಚೂ ಜಾನಪದ ಹಾಡು, ಎದಿ ದಡದಡ ಅನ್ನೂವಂಥವು. ನನಗ ಅವ ಬೇಕು. ಯಾರರೆ ಮೂಗು ಮುರೀಲಿ, ನನಗ ಅವ ಬೇಕು.

ಮೂಗು ಮುರದವರು ನಮ್ಮತ್ತಿ. ಹುಬ್ಬಳ್ಳಿ ಕೇಶ್ವಾಪುರದ ಈ ಮನ್ಯಾಗ ಮುಂಜಾನೆದ್ದು ರೊಟ್ಟಿ ಬಡಿಯೋದು ನಮ್ಮಿಬ್ಬರ ಕೆಲಸ. ಡಬ್ಬಿ ತಂದು ಅಡಗಿಮನಿ ಗ್ವಾಡಿ ಗೂಡಿನ್ಯಾಗ ಇಟ್ಟ ಮೊದಲನೇ ದಿನನ, "ಇದೇನವಾ ಕುಣಿಯೋ ಹಾಡು? ಇದು ಮನಿಯೋ ಮೆರವಣಿಗಿಯೋ?" ಅಂದ್ರು. ಸ್ವಲ್ಪ ದಿನದಾಗ ಅದ ಕಾರ್ಡಿನ್ಯಾಗ ತಮ್ಮ ಭಜನಿ, ವಚನ ತುಂಬಿಸ್ಕೊಂಡು ಬಂದ್ರು. ಮುಗೀತು! ಡಬ್ಬಿ ನಂದು, ದೇವರು ಅವರದು. ನಾನೂ ಬಿಡಾಕಿ ಅಲ್ಲ. ಅವರು ಭಜನಿ ಹಚ್ಚಿದ್ರ ನಾ ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಬಂದು ಬದಲಿ ಮಾಡತಿದ್ದೆ. ನಾ ಹಚ್ಚಿದ್ರ ಅವರು ಹಿಟ್ಟಿನ ಕೈಲೇನ ಗುಂಡಿ ಒತ್ತತಿದ್ರು. ಈ ಜಗಳದಾಗ ರೊಟ್ಟಿ ಹೊತ್ತಿದ್ವು, ಗುಂಡಿ ಸಂದ್ಯಾಗೆಲ್ಲಾ ಜ್ವಾಳದ ಹಿಟ್ಟು ಹೊಕ್ಕು ಕುಂತು ಬಿಡ್ತು.

ಕಡೀಕ ಅತ್ತೀನ ಒಂದು ಕಾಯ್ದೆ ಮಾಡಿದ್ರು. "ಯಾರು ರೊಟ್ಟಿ ಬಡೀತಾರ, ಅವರ ಹಾಡು. ಬೇಯಿಸಾಕಿ ಬಾಯಿ ಮುಚಗೊಂಡು ಕೇಳಬೇಕು." ಅರ್ಧ ಹಿಟ್ಟು ಅವರು, ಅರ್ಧ ಹಿಟ್ಟು ನಾನು. ಇಡೀ ದಿನದಾಗ ನನ್ನ ಮನಸಿನಂಗ ನಡಿಯೋದು ಅಂದ್ರ ಆ ಅರ್ಧ ಹಿಟ್ಟಿನ ಹೊತ್ತು ಒಂದ. ಫೋನ್ ಇಲ್ಲೇನು ಅಂತೀರಿ? ಐತ್ರಿ. ಹಿಟ್ಟಿನ ಕೈಗೆ ಅದು ಕಿಮ್ಮತ್ತ ಕೊಡಂಗಿಲ್ಲ.

ಹಿಂಗ ವರ್ಷಗಟ್ಟಲೆ ನಡೀತು. ನಡುವ ಬಂದವರು ಮಾವಾರು. ಕಾಳಿನ ಅಂಗಡಿ ನನ್ನ ಗಂಡನ ಕೈಗೆ ಒಪ್ಪಿಸಿ, ಮುಂಜಾನೆ ಗೆಳೆಯಾರ ಜೋಡಿ ಪಾರ್ಕಿಗೆ ವಾಕಿಂಗ್ ಹೋಗಾಕತ್ತಿದ್ರು. ಒಂದಿನ ಅಡಗಿಮನಿಗೆ ಬಂದು, ಒಂದು ಮಾತು ಕೇಳಲಾರದ, ಡಬ್ಬಿ ಕಿಸೆದಾಗ ಹಾಕ್ಕೊಂಡು ನಡದ್ರು. "ವಚನ ಕೇಳ್ಕೋತ ಅಡ್ಡಾಡ್ತೇನಿ" ಅಂದ್ರು. ನನ್ನ ಮೈ ಉರದು ಹೋತು. ಗಂಡನ ಮುಂದ ಹೇಳಿದ್ರ, "ಹೋಗ್ಲಿ ಬಿಡು, ಹಿರಿಯಾರು" ಅಂದ. ಈ "ಹೋಗ್ಲಿ ಬಿಡು" ಅನ್ನೋದು ಯಾವಾಗಲೂ ಹೆಂಗಸರ ಸಾಮಾನಿಗೇ ಯಾಕ ಬರ್ತೈತೋ!

ಅವತ್ತ ಮಾವಾರು ಹೋದಷ್ಟ ಲಗೂನ ಕೆಂಪಗಾಗಿ ವಾಪಸ್ ಬಂದ್ರು. ಪಾರ್ಕಿನ್ಯಾಗ ವಚನ ಮುಗದು ನನ್ನ ಟ್ರ್ಯಾಕ್ಟರ್ ಹಾಡು ಶುರು ಆಗ್ಯಾವ. ಹಿಟ್ಟು ಹೊಕ್ಕ ಗುಂಡಿ ಎಷ್ಟು ಒತ್ತಿದ್ರೂ ಕೇಳಿಲ್ಲ. ಅದನ್ನ ಉಗುರಿನ ತುದೀಲೆ ಓರಿ ಮಾಡಿ ಒತ್ತಬೇಕು. ಅದು ಅತ್ತಿಗೂ ನನಗೂ ಅಷ್ಟ ಗೊತ್ತು. ಗೆಳೆಯಾರು ಹೊಟ್ಟಿ ಹಿಡಕೊಂಡು ನಕ್ಕಾರ.

"ನಿನ್ನ ಆ ದರಿದ್ರ ಹಾಡು ಎಲ್ಲಾ ಅಳಿಸಿ ಹಾಕು. ಇದರಾಗ ದೇವರ ಹಾಡಷ್ಟ ಇರಬೇಕು" ಅಂದ್ರು ಮಾವಾರು.

"ಅಳಸಂಗಿಲ್ರಿ" ಅಂದೆ. "ಅದು ನನ್ನ ತವರುಮನೀದು."

"ಹಂಗಾದ್ರ ನೀ ಅಳಿಸೂಮಟ ಡಬ್ಬಿ ನನ್ನ ಕಡೇನ ಇರ್ತೈತಿ."

ನಾ ಅತ್ತಿ ಕಡೆ ನೋಡಿದೆ. ಅವರಿಗಿನ್ನೇನು ಬೇಕಾಗಿತ್ತು? ನಾ ಈ ಮನಿಗೆ ಬಂದ ದಿನದಿಂದ ಅವರು ಬೇಡಿದ್ದೂ ಅದನ. ಅತ್ತಿ ಬಡಿಯಾಕತ್ತಿದ್ದ ರೊಟ್ಟಿ ಮುದ್ದಿ ಮಾಡಿ ಹಿಟ್ಟಿನ ಪರಾತಕ್ಕ ಒಗದು, ಕೈ ತೊಳಕೊಂಡ್ರು.

ಮರುದಿನ ತಾಟಿನ್ಯಾಗ ಅನ್ನ, ಸಾರು.

"ರೊಟ್ಟಿ ಎಲ್ಲಿ?" ಅಂದ್ರು ಮಾವಾರು.

"ಹಾಡಿನ ಜೋಡಿ ವಾಕಿಂಗ್ ಹೋಗ್ಯಾವ್ರಿ" ಅಂದ್ರು ಅತ್ತಿ.

ನಾ ಸೆರಗು ಬಾಯಾಗ ತುರುಕ್ಕೊಂಡು ಒಳಗ ಓಡಿದೆ.

ಮಾವಾರೂ ಹಠದ ಮನಿಷ್ಯಾನ. ಗೋಕುಲ ರೋಡಿನ ಅಂಗಡಿಯಿಂದ ಖಡಕ್ ರೊಟ್ಟಿ ಕಟ್ಟು ಕಟ್ಟು ತರಿಸಿದ್ರು. ಕಟ್ಟಿಸಿದ ಹಲ್ಲಿಲೆ ಅದನ್ನ ಕಡಿಯೋ ಮುಂದ ಮನಿ ತುಂಬ ಕಟಂ ಕಟಂ. ಅತ್ತಿ ಎದುರಿಗೇ ಕುಂತು ಸಮಾಧಾನದಿಂದ ಅನ್ನ ಉಣ್ಣತಿದ್ರು. ಅಡಗಿಮನ್ಯಾಗ ಹಾಡಿಲ್ಲ, ಬಡಿಯೋ ಸಪ್ಪಳಿಲ್ಲ, ಇಬ್ಬರೂ ಸುಮ್ನ ಕಾಯಿಪಲ್ಯಾ ಹೆಚ್ಚೋದು. ನನಗ ಖರೇನ ಅಂಜಿಕಿ ಆಗಿತ್ತು. ನನ್ನ ನಾಕು ಹಾಡಿನ ಸಂಬಂಧ ಗಂಡ ಹೆಂಡ್ತಿ ಮಾತು ಬಿಟ್ಟಾರಲ್ಲ ಅಂತ.

"ಅತ್ತೀ, ಅಳಿಸಿ ಬಿಡ್ಲೇನ್ರಿ?" ಅಂತ ಕೇಳೇ ಬಿಟ್ಟೆ.

ಅವರು ಈಳಿಗಿ ಮ್ಯಾಲಿಂದ ತಲಿ ಎತ್ತಿದ್ರು. "ಏ ಹುಚ್ಚಿ, ನಿನ್ನ ಹಾಡಿಗೆ ಬೆಂಕಿ ಹಚ್ಚು. ನನ್ನ ಕಾಯ್ದೆ ಮುರಿಯಾಕ ಅವರ್ಯಾರು? ಈ ಮನಿಗೆ ಬಂದು ಇಷ್ಟ ವರ್ಷ ಆತು, ನಾ ಹೇಳಿದ್ದು ನಡದದ್ದು ಅದೊಂದ."

ನಾ ಬದನಿಕಾಯಿ ಹೆಚ್ಚಿದೆ.

ಒಂದು ಮುಂಜಾನೆ ನೋಡಿದ್ರ ಡಬ್ಬಿ ಗ್ವಾಡಿ ಗೂಡಿನ್ಯಾಗ ಬಂದು ಕುಂತಿತ್ತು. ಖಡಕ್ ರೊಟ್ಟಿ ಕಡದು ಮಾವಾರಿಗೆ ಸಾಕಾಗಿರಬೇಕು. ನಾ ಎಸರಿಟ್ಟು ಹಿಟ್ಟು ನಾದಿದೆ. ಅತ್ತಿ ಭಜನಿ ಹಚ್ಚಿ, ತಮ್ಮ ಪಾಲಿನ ರೊಟ್ಟಿ ಬಡದು, ಎದ್ದು ಹಂಚಿನ ಮುಂದ ಕುಂತ್ರು. ನಾ ರೊಟ್ಟಿ ಬಡಿಯೋ ಮಣಿ ಎಳಕೊಂಡು, ಅಂಜಿಕೋತ, ಸಣ್ಣ ಧ್ವನೀಲೆ ನನ್ನ ಹಾಡು ಹಚ್ಚಿದೆ. ಎರಡು ರೊಟ್ಟಿ ಆಗಿರಬೇಕು, ಮಾವಾರು ಬಾಗಲದಾಗ ಬಂದು ನಿಂತ್ರು.

"ಮತ್ತ ಅದನ ಹಚ್ಚೀರೇನು? ಬಂದ್ ಮಾಡ್ರಿ ಅದನ್ನ."

ಅತ್ತಿ ಎದ್ರು. ಸೀದಾ ಡಬ್ಬಿ ಕಡೆ ಹೋದ್ರು. ಉಗುರಿನ ತುದೀಲೆ, ಓರಿ ಮಾಡಿ, ಗುಂಡಿ ಒತ್ತಿದ್ರು. ನಾ ಬಡಿಯೋದು ನಿಲ್ಲಿಸಿದೆ. ಹಾಡು ಬಂದ್ ಆಗಲಿಲ್ಲ, ಧ್ವನಿ ಏರ್ತು. ಇನ್ನೊಮ್ಮೆ ಒತ್ತಿದ್ರು. ಇನ್ನೂ ಏರ್ತು.

"ಈಗ ಸೊಸಿ ಪಾಳಿ ಐತ್ರಿ" ಅಂದ್ರು. "ನಿಮಗ ಬ್ಯಾರೆ ಹಾಡು ಬೇಕಾಗಿದ್ರ ಬರ್ರಿ, ಕುಂದರ್ರಿ, ರೊಟ್ಟಿ ಬಡೀರಿ."