ರಾಜನಿಗೆ ಒಂದು ಕುದುರೆ ನಡೆ

ನಮ್ಮ ಮಾವನವರಿಗೆ ಮರೆವು ಶುರುವಾಗಿದೆ ಎಂದು ತೀರ್ಪು ಕೊಟ್ಟದ್ದು ಡಾಕ್ಟರಲ್ಲ. ಬ್ಯಾಟರಿ ಹಾಕಿದ ಒಂದು ಆಟದ ಸಾಮಾನು.

ಮಾವನವರು ಕೆ.ಆರ್. ಪುರದ ಕಡೆಯ ಫ್ಯಾಕ್ಟರಿಯಿಂದ ರಿಟೈರ್ ಆದವರು. ಈಚೆಗೆ ನೆಂಟರ ಹೆಸರು ಮರೆಯುತ್ತಿದ್ದರು. (ನಾನೂ ಮರೆಯುತ್ತೇನೆ. ನನಗೆ ಅಷ್ಟು ವಯಸ್ಸಾಗಿಲ್ಲವಾದ್ದರಿಂದ ಅದಕ್ಕೆ ಟೆನ್ಷನ್ ಅನ್ನುತ್ತಾರೆ.) ಮೆದುಳಿಗೂ ಸ್ವಲ್ಪ ಎಕ್ಸರ್‌ಸೈಜ್ ಕೊಡಿ ಎಂದರು ಡಾಕ್ಟರು. ನನ್ನ ಗಂಡ ಶಿವಾಜಿನಗರಕ್ಕೆ ಹೋಗಿ ಅಂಗೈಯಗಲದ ಎಲೆಕ್ಟ್ರಾನಿಕ್ ಚೆಸ್ ತಂದರು. ಕಾಯಿಯನ್ನು ಒತ್ತಬೇಕು, ಅದು ಹೋಗಬೇಕಾದ ಮನೆಯನ್ನು ಒತ್ತಬೇಕು. ತಪ್ಪಿದರೆ 'ಕೀಂ' ಅನ್ನುತ್ತದೆ.

ಮಾವನವರು ಖುಷಿಯಿಂದಲೇ ಕೂತರು. ಒಂದು ಕಾಲಕ್ಕೆ ಫ್ಯಾಕ್ಟರಿಯ ಊಟದ ಬಿಡುವಿನಲ್ಲಿ ಅವರನ್ನು ಸೋಲಿಸುವವರೇ ಇರಲಿಲ್ಲವಂತೆ. ಆನೆ, ಒಂಟೆ, ಮಂತ್ರಿ ಎಲ್ಲ ಸರಿಯಾಗಿಯೇ ನಡೆದವು. ಆಟ ರಂಗೇರುವ ಹೊತ್ತಿಗೆ ರಾಜನನ್ನು ನಡೆಸಿದರು. ಕೀಂ. ಮತ್ತೆ ಒತ್ತಿದರು. ಮತ್ತೆ ಕೀಂ.

"ಅಪ್ಪಾ, ರಾಜ ಒಂದೇ ಮನೆ ಹೋಗೋದು. ಅದೂ ಮರೆತ್ಹೋಯ್ತಾ?" ಎಂದರು ನನ್ನ ಗಂಡ.

"ಹಿಂಗೂ ಹೋಗ್ತಿತ್ತಲ್ಲೋ..."

ಆ 'ಹೋಗ್ತಿತ್ತಲ್ಲೋ' ಕೇಳಿ ಗಂಡ ನನ್ನ ಮುಖ ನೋಡಿದರು. ಮರುದಿನವೂ ಅದೇ ತಪ್ಪು, ಅದೇ ಕೀಂ.

ಪ್ರತಿ ಶನಿವಾರ ಮಾವನವರು ಸಿ.ವಿ. ರಾಮನ್ ನಗರದಿಂದ ಒಬ್ಬರೇ ಬಸ್ ಹತ್ತಿ ಹಲಸೂರಿಗೆ ಹೋಗುತ್ತಿದ್ದರು. ಅಲ್ಲಿ ಹಳೆಯ ಸಹೋದ್ಯೋಗಿ ಮುರುಗೇಶ್ ಅವರ ಮನೆಯಲ್ಲಿ ಕಾಫಿ, ಹರಟೆ. "ಇನ್ಮೇಲೆ ಒಬ್ರೇ ಹೋಗೋದು ಬೇಡ. ದಾರಿ ಮರೆತ್ರೆ?" ಎಂದು ನನ್ನ ಗಂಡ ಅಪ್ಪಣೆ ಹೊರಡಿಸಿದರು.

ಮಾವನವರು ವಾದಿಸಲಿಲ್ಲ. ನನಗೆ ಸಂಕಟವಾದದ್ದೇ ಅದಕ್ಕೆ. ಕಂಡಕ್ಟರ್ ಹತ್ತಿರ ಚಿಲ್ಲರೆಗಾಗಿ ಜಗಳ ಆಡಿ ಬರುತ್ತಿದ್ದ ಮನುಷ್ಯ, ತನ್ನ ತಲೆಯನ್ನು ತಾನೇ ನಂಬದೆ ಸುಮ್ಮನೆ ಕೂತುಬಿಟ್ಟರು. ಚೆಸ್ಸನ್ನೂ ಮುಟ್ಟಲಿಲ್ಲ.

ಗೆಳೆಯ ಬರಲಿಲ್ಲವೆಂದು ಮೊನ್ನೆ ಭಾನುವಾರ ಮುರುಗೇಶ್ ತಾವೇ ಹುಡುಕಿಕೊಂಡು ಬಂದರು. "ಎನ್ನ ಸಾರ್, ಆಳೇ ಕಾಣ್ಸಲ್ಲ?" ಎಂದರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ. ಮಾವನವರು ಏನೋ ನೆಪ ಹೇಳಿದರು. ನಾನು ಕಾಫಿ ತರುವಷ್ಟರಲ್ಲಿ ಮುರುಗೇಶ್ ಟೀಪಾಯಿ ಮೇಲಿದ್ದ ಚೆಸ್ ಎತ್ತಿಕೊಂಡು ಆಡತೊಡಗಿದ್ದರು. ಸ್ವಲ್ಪ ಹೊತ್ತಿಗೆ, ಕೀಂ. ಇನ್ನೊಮ್ಮೆ, ಕೀಂ.

"ಏನ್ರೀ ಇದು, ಈ ಮಿಷಿನ್‌ಗೆ ಚೆಸ್ ಬರಲ್ವಾ?" ಎಂದರು ಮುರುಗೇಶ್.

ಮಾವನವರು ಕುರ್ಚಿಯಲ್ಲಿ ನೆಟ್ಟಗಾದರು. "ರಾಜನ್ನ ಕುದುರೆ ಥರ ಹಾರಿಸಿದ್ರಾ?"

"ಮತ್ತೆ? ಚೆಕ್ ಬೀಳದೆ ಇದ್ರೆ ರಾಜ ಒಂದ್ಸಲ ಹಾರ್ಬಹುದಲ್ಲಾ ಸಾರ್. ನಾವೆಲ್ಲಾ ಆಡಿದ್ದು ಹಂಗೇ ತಾನೆ?"

ಅದು ಊರಲ್ಲಿ ಹಿಂದೆ ಆಡುತ್ತಿದ್ದ ಚದುರಂಗದ ನಿಯಮವಂತೆ. ನನ್ನ ಗಂಡ ಕಾಲೇಜಿನಲ್ಲಿ ಕಲಿತದ್ದು ಬೇರೆ, ಮಿಷಿನ್ನಿಗೆ ಗೊತ್ತಿದ್ದದ್ದೂ ಅದೇ. ನಾವು ಮರೆವು ಎಂದು ಹೆದರಿದ್ದು ಮಾವನವರ ಗಟ್ಟಿ ನೆನಪಾಗಿತ್ತು. ಗಂಡ ಪೇಪರ್ ಹಿಡಿದು ಮುಖ ಮುಚ್ಚಿಕೊಂಡರು. (ಅದು ನಿನ್ನೆಯ ಪೇಪರ್.)

ಈ ಶನಿವಾರ ಮಾವನವರು ಚೆಸ್ಸನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟರು. ಈಗ ಅದರ ನಿಯಮದಲ್ಲೇ ಆಡುತ್ತಾರೆ. ಎಷ್ಟೋ ಸಲ ಸೋಲುತ್ತಾರೆ, ನಗುತ್ತಾರೆ. "ಪಾಪ, ಅದಕ್ಕೆ ಯಾರೂ ಹೇಳ್ಕೊಟ್ಟಿಲ್ಲಮ್ಮ. ನಾನೇ ಅಡ್ಜಸ್ಟ್ ಮಾಡ್ಕೋತೀನಿ" ಅನ್ನುತ್ತಾರೆ.

ಮಿಷಿನ್ನಿಗೆ ಕೀಂ ಅನ್ನುವುದು ಬಿಟ್ಟು ಬೇರೆ ಗೊತ್ತಿಲ್ಲ, ಸರಿ. "ನಿಮ್ಮ ಕಾಲದಲ್ಲಿ ಹೇಗೆ ಆಡ್ತಿದ್ರಿ?" ಎಂದು ಕೇಳಲು ನಮಗೇನಾಗಿತ್ತು?