ಹಿಂದಿನ ಸೀಟಿನವಳು

ಆ ಭಾನುವಾರವೂ ನೀರುದೋಸೆಯೇ. ರಾತ್ರಿ ನೆನೆಹಾಕಿದ ಅಕ್ಕಿಯನ್ನು ಬೆಳಿಗ್ಗೆ ರುಬ್ಬಿ, ಹಿಟ್ಟನ್ನು ಕೈಯಲ್ಲಿ ಎತ್ತಿ ಬಿಟ್ಟು ನೋಡಿದೆ. ಬೆರಳ ಸಂದಿಯಿಂದ ಅದು ಮಜ್ಜಿಗೆಯ ಹಾಗೆ ಇಳಿಯಬೇಕು. ಕಾವಲಿ ಕಾಯುವಷ್ಟರಲ್ಲಿ ಅಂಗಳ ಗುಡಿಸಿ, ಹಾಲಿನ ಪ್ಯಾಕೆಟ್ ಒಳಗೆ ತಂದು, ಇವರ ಚಾಕ್ಕೆ ಶುಂಠಿ ಜಜ್ಜಿದೆ. ಪರ್ಕಳದ ಈ ಬಾಡಿಗೆ ಮನೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಅಡುಗೆಮನೆಯ ಕಿಟಕಿ. ಅದರ ಆಚೆ ಒಂದು ಹೊಸ ಲೇಔಟ್ ಉಂಟು. ಡಾಂಬರು ಹಾಕಿದ್ದಾರೆ, ಬೀದಿದೀಪದ ಕಂಬ ನೆಟ್ಟಿದ್ದಾರೆ, ಮನೆ ಮಾತ್ರ ಇನ್ನೂ ಒಂದೂ ಎದ್ದಿಲ್ಲ. ಸೈಟುಗಳ ತುಂಬ ಹುಲ್ಲು, ಗಡಿಕಲ್ಲು, ಮೇಯುವ ದನಗಳು. ಗಾಡಿ ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ.

ಮಳೆ ಬಿಟ್ಟಂದಿನಿಂದ ಪ್ರತಿ ಭಾನುವಾರ ದೋಸೆ ಎರೆಯುತ್ತ ಆ ಕಿಟಕಿಯಲ್ಲಿ ನಾನು ನೋಡುತ್ತಿದ್ದದ್ದು ಒಂದೇ ನೋಟ. ಬೈಕಿನ ಮೇಲೆ ಮಗಳು, ಪಕ್ಕದಲ್ಲಿ ಲುಂಗಿ ಮೇಲೆ ಕಟ್ಟಿಕೊಂಡು ಓಡುವ ಇವರು.

"ಕ್ಲಚ್ ಮೆಲ್ಲ ಬಿಡು ಮಗಾ. ಮೆಲ್ಲ. ಕೈಯಲ್ಲಿ ಬೆಣ್ಣೆ ಉಂಟು ಅಂತ ತಿಳ್ಕೊ."

ಬೈಕ್ ಒಮ್ಮೆ ಕುಪ್ಪಳಿಸಿ ನಿಂತುಬಿಡುತ್ತಿತ್ತು.

"ಆಫ್ ಆಯ್ತಾ? ಆಗ್ಲಿ ಬಿಡು. ಆಫ್ ಆಗದೆ ಕಲಿತವರು ಯಾರುಂಟು ಲೋಕದಲ್ಲಿ?"

ಇವರಿಗೆ ಇಂಥ ಒಂದು ಸ್ವರವಿದೆ ಎಂದು ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಸಂಸಾರದಲ್ಲಿ ನನಗೆ ಗೊತ್ತಿರಲಿಲ್ಲ. ಗ್ಯಾಸಿನ ರೆಗ್ಯುಲೇಟರ್ ಹಾಕಲು ನನಗೆ ಕಲಿಸಿದ್ದು ಇವರೇ, ಎಟಿಎಂನಿಂದ ಹಣ ತೆಗೆಯಲು ಕಲಿಸಿದ್ದೂ ಇವರೇ. ಆಗ ಕೇಳಿದ ಸ್ವರ ಬೇರೆ. "ಇಷ್ಟೂ ಗೊತ್ತಾಗುವುದಿಲ್ವಾ ನಿನಗೆ?" ಎಂಬುದು ಅದರ ಪಲ್ಲವಿ. ಕಿಟಕಿಯಿಂದ ಬರುವ ಆ ಬೆಣ್ಣೆಯ ಮಾತನ್ನು ಕೇಳುತ್ತ ನಾನು ಎಷ್ಟೋ ದೋಸೆಗಳ ಅಂಚು ಸೀಯಿಸಿದ್ದೇನೆ.

ನನ್ನ ಹತ್ತಿರವೂ ಎಲ್‌ಎಲ್ ಇತ್ತು, ಗಾಡಿ ಕಲಿಯುವವರಿಗೆ ಕೊಡುವ ಲೈಸನ್ಸ್. ಮಣಿಪಾಲದ ಕಾಲೇಜಿಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವ ಮಗಳಿಗೆ ಮಾಡಿಸುವಾಗ ನನಗೂ ಮಾಡಿಸಿದ್ದರು. "ಹೇಗೂ ಒಂದು ಓಡಾಟ, ನಿನ್ನದೂ ಆಗ್ಲಿ" ಎಂದಿದ್ದರು, ತರಕಾರಿ ಕೊಂಡಾಗ ಒಂದು ಹಿಡಿ ಕೊತ್ತಂಬರಿ ಸೊಪ್ಪು ಸುಮ್ಮನೆ ಹಾಕಿಸಿಕೊಳ್ಳುವ ಹಾಗೆ. ರಸ್ತೆಯ ಚಿಹ್ನೆಗಳನ್ನೆಲ್ಲ ಮಗಳಿಗೆ ಬಾಯಿಪಾಠ ಮಾಡಿಸಿದವಳು ನಾನು. ನನ್ನ ಹಾಗೆ ಕಾನ್ವೆಂಟಿನಲ್ಲಿ ಕಲಿತವರಿಗೆ ಬಾಯಿಪಾಠ ಒಂದು ಕಷ್ಟವೇ ಅಲ್ಲ. ಆ ಪರೀಕ್ಷೆಯಲ್ಲಿ ಅವಳಿಗಿಂತ ನನಗೇ ಹೆಚ್ಚು ಅಂಕ ಬಂದಿತ್ತು. ಆಮೇಲೆ ಅವಳ ಎಲ್‌ಎಲ್ ಬೈಕ್ ಹತ್ತಿತು, ನನ್ನದು ಕಪಾಟಿನಲ್ಲಿ ಸೀರೆಗಳ ಅಡಿಗೆ ಹೋಯಿತು. ಆರು ತಿಂಗಳಿಗೆ ಅದರ ಅವಧಿ ಮುಗಿಯುತ್ತದೆ, ಅಷ್ಟರೊಳಗೆ ಕಲಿಯದಿದ್ದರೆ ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ನನಗೆ ಗೊತ್ತಿತ್ತು. "ನನಗೆ ಯಾವಾಗ?" ಎಂದು ಕೇಳಿದಾಗೆಲ್ಲ ಇವರದು ಒಂದೇ ಉತ್ತರ: "ಅವಳದ್ದೊಮ್ಮೆ ಮುಗಿಯಲಿ."

ಆ ಬೆಳಿಗ್ಗೆ ಅವಳದ್ದು ಮುಗಿದೇಹೋಯಿತು. ಬೈಕ್ ಒಮ್ಮೆಯೂ ಆಫ್ ಆಗಲಿಲ್ಲ. ಲೇಔಟನ್ನು ಸುತ್ತಿ ಬಂದು ನಮ್ಮ ಗೇಟಿನ ಮುಂದೆ ನಿಲ್ಲಿಸಿದಳು. ಪಕ್ಕದ ಮನೆಯ ಬ್ಯಾರಿ ಹೆಂಗಸು ಟೆರೇಸಿನಲ್ಲಿ ಬಟ್ಟೆ ಹರವುತ್ತಿದ್ದರು. ಅವರ ಗಂಡ, ಮಗ ಇಬ್ಬರೂ ಗಲ್ಫಿನಲ್ಲಿ. ನಮ್ಮ ಓಣಿಯ ವರದಿಯೆಲ್ಲ ಆ ಟೆರೇಸಿನಿಂದಲೇ.

"ನಿಮ್ಮ ಮಗಳು ಭಾರೀ ಜೋರು ಮಾರಾಯ್ರೆ! ಬಾಣದ ಹಾಗೆ ಹೋಗ್ತಾಳೆ," ಎಂದು ಮೇಲಿನಿಂದಲೇ ಹೇಳಿದರು.

ನಾನು ನಕ್ಕೆ. ತಾಯಿ ನಗಬೇಕಲ್ಲ.

ಕಾಪುವಿನಲ್ಲಿರುವ ಇವರ ಅಕ್ಕನ ಮನೆಗೆ ಆ ದಿನ ಊಟಕ್ಕೆ ಹೋಗುವುದಿತ್ತು. ಹಿಂದಿನ ದಿನವೇ ಬೆಲ್ಲದ ಸುಕ್ರುಂಡೆ ಕರಿದು ಸ್ಟೀಲ್ ಡಬ್ಬದಲ್ಲಿ ತುಂಬಿಸಿದ್ದೆ. ಸೀರೆಗೆ ಪಿನ್ನು ಹಾಕಿ, ಡಬ್ಬ ಹಿಡಿದು ಹೊರಗೆ ಬಂದರೆ ಮಗಳು ಹೆಲ್ಮೆಟ್ ಹಾಕಿ ಮುಂದೆ ಕೂತಿದ್ದಾಳೆ. ಇವರು ಹಿಂದೆ.

ಹಿಂದೆ, ನನ್ನ ಸೀಟಿನಲ್ಲಿ. ಮದುವೆಯಾದ ಮೇಲೆ ಬೈಕು ಒಮ್ಮೆ ಬದಲಾಗಿದೆ, ಸೀಟು ಮಾತ್ರ ನನ್ನದೇ. ಪಕ್ಕದ ಹಿಡಿಯ ಕಪ್ಪು ಬಣ್ಣ ನನ್ನ ಅಂಗೈ ತಾಗಿ ತಾಗಿಯೇ ಹೋದದ್ದು.

"ನೀನು ಬಸ್ಸಿನಲ್ಲಿ ಬಾ," ಎಂದರು. "ಎಲ್‌ಎಲ್‌ನವರ ಹಿಂದೆ ಲೈಸನ್ಸ್ ಇದ್ದವರೇ ಕೂರಬೇಕು. ರೂಲ್ಸ್."

"ಡಬ್ಬ?"

"ಅದನ್ನೂ ತಾ. ನಾನು ಹಿಂದೆ ಕೂತು ಡಬ್ಬ ಹಿಡ್ಕೊಂಡು ಹೋಗುವುದಾ?"

ಮಗಳು ಹೆಲ್ಮೆಟಿನ ಒಳಗೆ ನಕ್ಕದ್ದು ಅವಳ ಭುಜದಲ್ಲಿ ಕಂಡಿತು.

ಪರ್ಕಳದಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಂಗಳೂರಿನ ಎಕ್ಸ್‌ಪ್ರೆಸ್. ಎಡಬದಿಯ ಕಿಟಕಿಯ ಪಕ್ಕ ಕೂತು ಡಬ್ಬವನ್ನು ಮಡಿಲಲ್ಲಿಟ್ಟುಕೊಂಡೆ. ಕಟಪಾಡಿಗಿಂತ ಸ್ವಲ್ಪ ಮೊದಲು ನಮ್ಮ ಬಸ್ಸು ಊರೆಲ್ಲ ಕೇಳುವ ಹಾಗೆ ಹಾರ್ನ್ ಹೊಡೆದು, ಮೆಲ್ಲ ಹೋಗುತ್ತಿದ್ದ ಒಂದು ಬೈಕನ್ನು ಹಿಂದೆ ಹಾಕಿತು. ಕೆಳಗೆ ನೋಡಿದರೆ ಇವರೇ. ಒಂದು ಕೈ ತೊಡೆಯ ಮೇಲೆ, ಇನ್ನೊಂದು ಮಗಳ ಭುಜದ ಮೇಲೆ. ಮುಂದಕ್ಕೆ ಬಾಗಿ ಅವಳ ಕಿವಿಗೆ ಏನೋ ಹೇಳುತ್ತಿದ್ದರು. ಅವಳೂ ಏನೋ ಹೇಳಿದಳು. ಇಬ್ಬರೂ ನಕ್ಕರು.

ನಾನು ಹಿಂದೆ ಕೂತು ಬಾಯಿ ಬಿಟ್ಟರೆ, "ಎಂತ? ಕೇಳುವುದಿಲ್ಲ, ಆಮೇಲೆ ಹೇಳು" ಎನ್ನುತ್ತಿದ್ದ ಮನುಷ್ಯ ಇವರು. ಸ್ವಲ್ಪ ಸರಿದು ಕೂತರೆ "ಅಲುಗಾಡಬೇಡ." ನನ್ನ ಎಷ್ಟೋ 'ಆಮೇಲೆ'ಗಳು ಉಡುಪಿ, ಕಾರ್ಕಳದ ರಸ್ತೆಗಳಲ್ಲೇ ಬಿದ್ದುಹೋಗಿವೆ. ಅಷ್ಟು ದೊಡ್ಡ ಹೆದ್ದಾರಿಯಲ್ಲಿ, ಅಷ್ಟು ಗಾಳಿಯಲ್ಲಿ, ಈಗ ಇವರಿಗೆ ಎಲ್ಲ ಕೇಳುತ್ತಿತ್ತು.

ಅವಳ ಬೈಕ್ ಒಮ್ಮೆ ಆಫ್ ಆಗಲಿ ಎಂದುಕೊಂಡೆ. ಬೀಳಲಿ ಎಂದಲ್ಲ, ದೇವರೇ, ಅದಲ್ಲ. ಒಂದು ಜಂಕ್ಷನ್ನಿನಲ್ಲಿ ಆಫ್ ಆಗಿ ಹಿಂದಿನವರೆಲ್ಲ ಹಾರ್ನ್ ಹೊಡೆಯಲಿ, ಅಷ್ಟೇ ಸಾಕು. ಹೆತ್ತ ಮಗಳ ಮೇಲೆ ಬರುವ ಹೊಟ್ಟೆಕಿಚ್ಚಿಗೆ ಹೆಸರೂ ಇಲ್ಲ, ಹೇಳಿಕೊಳ್ಳಲು ಜನವೂ ಇಲ್ಲ. ಡಬ್ಬದ ಮುಚ್ಚಳವನ್ನು ಮತ್ತೆ ಮತ್ತೆ ಒತ್ತಿ ಮುಚ್ಚುತ್ತ ಕೂತೆ.

ಕಾಪುವಿಗೆ ಮೊದಲು ತಲುಪಿದವಳು ನಾನು. ಆದರೆ ಗೇಟಿನವರೆಗೆ ಸ್ವಾಗತ ಸಿಕ್ಕಿದ್ದು ಆಮೇಲೆ ಬಂದವರಿಗೆ. ಅಕ್ಕ ಕೈಯಲ್ಲಿದ್ದ ಸೌಟು ಸಮೇತ ಅಂಗಳಕ್ಕೆ ಓಡಿದರು.

"ಪರ್ಕಳದಿಂದ ಇಲ್ಲಿವರೆಗೆ ನೀನೇ ಬಿಟ್ಟದ್ದಾ? ನಮ್ಮ ಕುಟುಂಬದಲ್ಲೇ ಯಾರಿಲ್ಲ ಇಂಥವಳು!" ಎಂದು ಅವಳ ಕೆನ್ನೆ ಹಿಂಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೀನೆಂತ ಬಸ್ಸಲ್ಲಿ? ಮಗಳ ಹಿಂದೆ ಕೂರ್ಲಿಕ್ಕೆ ಹೆದರಿಕೆಯಾ?" ಎಂದರು.

"ನನ್ನ ಹತ್ತಿರವೂ ಎಲ್‌ಎಲ್ ಉಂಟು ಅಕ್ಕ."

"ನಿನಗೆಂತಕ್ಕೆ?"

ಕುಹಕವಿರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಗೊತ್ತಾಗದೆ ಕೇಳಿದ್ದರು. ಅದಕ್ಕೇ ಅದು ಬಂಗುಡೆಯ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತು. ಊಟದುದ್ದಕ್ಕೂ ಬೈಕಿನದೇ ಸುದ್ದಿ. "ಅವಳಿಗೆ ಬರದೆ ಇರ್ತದಾ? ಇಷ್ಟುದ್ದ ಇದ್ದಾಗಿನಿಂದ ನಿನ್ನ ಟ್ಯಾಂಕಿನ ಮೇಲೆ ಕೂತು ಬೆಳೆದವಳು," ಎಂದು ಅಕ್ಕ ತಮ್ಮನಿಗೆ ಇನ್ನೊಂದು ಮೀನು ಬಡಿಸಿದರು. ನಿಜ. ಆಗ ನಾವು ಹೋಗುತ್ತಿದ್ದದ್ದೇ ಹಾಗೆ, ಟ್ಯಾಂಕಿನ ಮೇಲೆ ಮಗು, ನಡುವೆ ಇವರು, ಹಿಂದೆ ನಾನು.

ಸಂಜೆ ಖಾಲಿ ಡಬ್ಬದ ಜೊತೆ ಮತ್ತೆ ಎರಡು ಬಸ್ಸು ಹತ್ತಿ ಇಳಿದೆ. ಮನೆಗೆ ಬಂದಾಗ ಮಗಳು ತಲೆಗೆ ಸ್ನಾನಕ್ಕೆ ಹೋಗಿದ್ದಳು. ಇವರು ಅಂಗಳದಲ್ಲಿ ಬೈಕ್ ಒರೆಸುತ್ತಿದ್ದರು. ಡಬ್ಬವನ್ನು ನಳ್ಳಿಯ ಹತ್ತಿರ ಇಟ್ಟೆ. ಒಳಗೆ ಹೋಗಿ ಸೀರೆ ಬಿಚ್ಚಿ ಚೂಡಿದಾರ ಹಾಕಿದೆ. ಕುರ್ಚಿಯ ಮೇಲಿದ್ದ ಮಗಳ ಜರ್ಕಿನ್ ಹಾಕಿದೆ, ಅದರಲ್ಲಿ ಅವಳ ಪೌಡರಿನ ಪರಿಮಳವಿತ್ತು. ಅವಳ ಹೆಲ್ಮೆಟ್ ನನಗೂ ಸರಿಯಾಯಿತು. ಹೊರಗೆ ಬಂದು, "ಈಗ ನನಗೆ," ಎಂದೆ.

ಇವರು ಬಟ್ಟೆ ಹಿಡಿದುಕೊಂಡೇ ನೋಡಿದರು. "ಈಗವಾ? ಕತ್ತಲಾಗ್ತಾ ಉಂಟಲ್ಲ?"

"ಹೆಡ್‌ಲೈಟ್ ಉಂಟಲ್ಲ?"

ಲೇಔಟಿನ ರಸ್ತೆಯಲ್ಲಿ ಒಂದೂ ದೀಪ ಉರಿಯುತ್ತಿರಲಿಲ್ಲ, ಬೆಳಕು ಇನ್ನೂ ಸ್ವಲ್ಪ ಇತ್ತು. ಕಾಲು ಆಚೆಗೊಂದು ಈಚೆಗೊಂದು ಹಾಕಿ ಬೈಕಿನಲ್ಲಿ ಕೂತದ್ದು ಹುಟ್ಟಿದ ಮೇಲೆ ಅದೇ ಮೊದಲು. ಮಂಡಿಗಳು ಜೋಡಿಯಾಗಿರಬೇಕೆಂದು ಬೆಂಚುಗಳ ನಡುವೆ ನೋಡುತ್ತ ನಡೆಯುತ್ತಿದ್ದ ಕಾನ್ವೆಂಟಿನ ಸಿಸ್ಟರ್ ಒಬ್ಬರ ನೆನಪಾಯಿತು. ಕ್ಲಚ್ ಹಿಡಿದೆ, ಗೇರು ಹಾಕಿದೆ, ಬೆಣ್ಣೆ ಎಂದುಕೊಂಡು ಮೆಲ್ಲ ಬಿಟ್ಟೆ. ಬೈಕ್ ಕುಪ್ಪಳಿಸಲಿಲ್ಲ, ಹೊರಟಿತು. ಎರಡನೇ ಗೇರು ಯಾವಾಗ ಬೇಕೆಂದು ನನ್ನ ಸೊಂಟಕ್ಕೇ ಗೊತ್ತಿತ್ತು.

ಇವರು ಪಕ್ಕದಲ್ಲಿ ಓಡುತ್ತ, "ಯಾರು ಹೇಳಿಕೊಟ್ಟದ್ದು ನಿನಗೆ?" ಎಂದರು.

"ನೀವೇ. ಕಿಟಕಿಯಲ್ಲಿ."

ಇನ್ನೂ ಏನೋ ಹೇಳುವವಳಿದ್ದೆ, ಅಷ್ಟರಲ್ಲಿ ಬೈಕ್ ಡಾಂಬರು ಬಿಟ್ಟು ಹುಲ್ಲಿಗೆ ಇಳಿಯಿತು. ಬ್ರೇಕ್ ಹಿಡಿದೆ. ತಳ್ಳಿ ರಸ್ತೆಗೆ ತಂದು ಮತ್ತೆ ಹೊರಟರೆ ಮತ್ತೆ ಎಡಕ್ಕೆ, ಹುಲ್ಲಿಗೆ. ಮೂರನೇ ಸಲ ಗಡಿಕಲ್ಲಿಗೆ ತಾಗುವುದರಲ್ಲಿತ್ತು.

"ನೇರ! ನೇರ ಮಾರಾಯ್ತಿ! ಎಡಗಡೆ ನಿನಗೆ ಎಂತ ಉಂಟು?"

ಹ್ಯಾಂಡಲ್ ನೆಟ್ಟಗೇ ಇತ್ತು. ನನ್ನ ಕಣ್ಣು ನೆಟ್ಟಗಿರಲಿಲ್ಲ. ಅಷ್ಟು ವರ್ಷ ಎರಡೂ ಕಾಲನ್ನು ಎಡಕ್ಕೆ ಇಳಿಬಿಟ್ಟು, ಮಡಿಲಲ್ಲಿ ಡಬ್ಬವನ್ನೋ ಚೀಲವನ್ನೋ ಇಟ್ಟುಕೊಂಡು ಕೂತವಳು ನಾನು. ನನ್ನ ತವರು ಕಾರ್ಕಳ. ಅಲ್ಲಿಗೆ ಹೋಗುವಾಗ ಕಾಣುವುದು ಮರದ ಮಿಲ್ಲು, ಕಲ್ಲಿನ ಕೋರೆ. ಬರುವಾಗ ಶಾಲೆಯ ಕಾಂಪೌಂಡು, ಹೂಗಿಡದ ನರ್ಸರಿ. ಒಂದೇ ರಸ್ತೆ ನನಗೆ ಹೋಗುವಾಗ ಒಂದು ಊರು, ಬರುವಾಗ ಇನ್ನೊಂದು. ಎದುರಿನಿಂದ ಬರುವುದೆಲ್ಲ ಇವರ ಬೆನ್ನಿನ ಆಚೆ ಇತ್ತು. ಟ್ಯಾಂಕಿನ ಮೇಲಿದ್ದ ಮಗುವಿಗೆ ಅದೆಲ್ಲ ಕಾಣುತ್ತಿತ್ತು. ಅವಳು ಕಲಿಯಲು ಶುರುಮಾಡಿದ್ದು ಈ ಮಳೆಗಾಲ ಮುಗಿದ ಮೇಲಲ್ಲ.

"ನಾನು ರಸ್ತೆ ನೋಡುವುದೇ ಇಲ್ಲ," ಎಂದೆ. "ಬದಿ ನೋಡ್ತೇನೆ. ಹಿಂದೆ ಕೂತು ಹಾಗೇ ಅಭ್ಯಾಸ."

ಇವರು ತೋಳಿನಿಂದ ಮುಖದ ಬೆವರು ಒರೆಸಿಕೊಂಡರು. ಓಡಿ ಓಡಿ ಏದುಸಿರು ಬರುತ್ತಿತ್ತು. ಆಮೇಲೆ ದೂರಕ್ಕೆ ಕೈ ತೋರಿಸಿದರು. "ಆ ಕೊನೇ ಕಂಬ ಕಾಣ್ತದಾ? ಅದನ್ನೇ ನೋಡು. ಎಲ್ಲಿ ನೋಡ್ತೀಯೋ ಗಾಡಿ ಅಲ್ಲಿಗೇ ಹೋಗುವುದು. ಮೆಲ್ಲ ಬಿಡು, ಮೆಲ್ಲ."

ಅದು ಮಗಳಿಗೆ ಕಲಿಸುವ ಸ್ವರವಲ್ಲ. ಎಟಿಎಂನ ಮುಂದಿನ ಸ್ವರವೂ ಅಲ್ಲ. ನಾನು ಕಂಬ ನೋಡಿದೆ. ಎಡಗಡೆ ಒಂದು ದನ ತಲೆಯೆತ್ತಿದ ಹಾಗಾಯಿತು, ನೋಡಲಿಲ್ಲ. ಕೊನೆಯ ಕಂಬ ನಿಧಾನಕ್ಕೆ ದಪ್ಪವಾಗುತ್ತ ಬಂತು. ಅದರ ಬುಡದಲ್ಲಿ ಕಾಲೂರಿ ನಿಲ್ಲಿಸಿ ಹಿಂದೆ ತಿರುಗಿದರೆ ಇವರು ಅಷ್ಟು ದೂರದಲ್ಲಿ ಸಣ್ಣಗೆ ನಿಂತಿದ್ದರು.

ತಳ್ಳಿಕೊಂಡು ಮನೆಗೆ ಬರುವಾಗ, "ಬರುವ ಭಾನುವಾರ ಬೆಳಿಗ್ಗೆ ನೀನು ಬಾ," ಎಂದರು.

"ದೋಸೆ?"

"ಅವಳು ಎರೆಯಲಿ. ಕಿಟಕಿ ಉಂಟಲ್ಲ ಅವಳಿಗೂ."

ದೀಪ ಹಚ್ಚಿ, ನೈಟಿ ಹಾಕಿ, ಹೊರಗಿನ ನಳ್ಳಿಯಲ್ಲಿ ಆ ಡಬ್ಬ ತೊಳೆಯುತ್ತಿದ್ದೆ. ಪಕ್ಕದ ಮನೆಯವರು ಒಗ್ಗರಣೆಯ ಬೇವಿನೆಲೆಗೆಂದು ಕಾಂಪೌಂಡಿನ ಹತ್ತಿರ ಬಂದರು. ನಮ್ಮ ಗಿಡದ ಒಂದು ಗೆಲ್ಲು ಅವರ ಕಡೆಗೇ ಬಾಗಿದೆ. ಅದರ ಒಂದು ಎಸಳು ಮುರಿದುಕೊಂಡು ತಿರುಗುವಾಗ ನಿಂತು ಹೇಳಿದರು:

"ಬಟ್ಟೆ ತೆಗೆಯುವಾಗ ಮೇಲಿನಿಂದ ನೋಡಿದೆ, ನಿಮ್ಮ ಮಗಳಿಗೆ ಎಂತ ಆಯ್ತು ಮಾರಾಯ್ರೆ? ಬೆಳಿಗ್ಗೆ ಅಷ್ಟು ಚಂದ ಬಿಟ್ಟವಳು ಸಂಜೆ ಬರೇ ಹುಲ್ಲಿಗೇ ನುಗ್ಗುವುದು. ಕಾಪುವಿಗೆ ಹೋಗಿ ಸುಸ್ತಾಗಿರಬೇಕು, ಪಾಪ. ಕಡೆಗೆ ಸರಿಯಾಯ್ತು ಅನ್ನಿ. ಪ್ರಾಯ ಉಂಟಲ್ಲ, ಕಲಿತಾಳೆ."